ಸಂಗೀತ ನಾಟಕದ ತಿರುಗಾಟ: ಪರದೆಯ ಹಿಂದಿನ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬೆಂಗಳೂರಿನ ಒಂದು ಹವ್ಯಾಸಿ ತಂಡ. ಹಾಡು, ಕುಣಿತ, ವಾದ್ಯದವರ ಮೇಳ ಎಲ್ಲ ಇರುವ ನಾಟಕಗಳನ್ನು ಊರೂರಿಗೆ ತೆಗೆದುಕೊಂಡು ಹೋಗುತ್ತೇವೆ. ನಾನು ಅದರಲ್ಲಿ ಹಾಡುವ ನಟಿ. ಶೋ ಮುಗಿದ ಮೇಲೆ ಗ್ರೀನ್ ರೂಮಿಗೆ ಬರುವವರು, ತಂಡ ಸೇರಬೇಕು ಅಂತ ಫೋನ್ ಮಾಡುವ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ನಿಮ್ಮದು ಕಂಪನಿ ನಾಟಕವಾ?

ಅಲ್ಲ. ಆದರೆ ನಮ್ಮ ಹಾಡಿನ ಬೇರು ಅಲ್ಲೇ ಇದೆ.

ಕಂಪನಿ ಅಂದರೆ ಊರಿಂದ ಊರಿಗೆ ಸಂಸಾರ ಸಮೇತ ಹೋಗಿ, ಥಿಯೇಟರ್ ಕಟ್ಟಿ, ತಿಂಗಳುಗಟ್ಟಲೆ ಕ್ಯಾಂಪ್ ಹಾಕುವವರು. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಇವತ್ತಿಗೂ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದರೆ ಸಾಲಾಗಿ ನಾಟಕ ಕಂಪನಿಗಳು ಟೆಂಟ್ ಹಾಕಿರುವುದನ್ನು, ರಾತ್ರಿಯಿಡೀ ಆಟ ನಡೆಯುವುದನ್ನು ನೋಡಬಹುದು. ಇನ್ನೊಂದು ಬಗೆಯವರು ರೆಪರ್ಟರಿಯವರು. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಲ್ಲಿ ಶುರುವಾಯಿತು. ಸಾಣೇಹಳ್ಳಿಯ ಶಿವಸಂಚಾರವೂ ಹಾಗೇ ನಾಡು ಸುತ್ತುತ್ತದೆ. ಅಲ್ಲಿನ ಕಲಾವಿದರಿಗೆ ಅದೇ ಪೂರ್ತಿ ಕೆಲಸ.

ನಾವು ಮೂರನೆಯ ಬಗೆ. ಹಗಲು ಕೆಲಸ, ಸಂಜೆ ರಿಹರ್ಸಲ್. ಶುಕ್ರವಾರ ರಾತ್ರಿ ಗಾಡಿ ಹತ್ತಿ, ಸೋಮವಾರ ಬೆಳಗಿನ ಜಾವ ಮನೆ ಸೇರುವವರು. ಕಂಪನಿಯ ಹಾಡನ್ನು ಹವ್ಯಾಸಿಗಳ ಕೈಗೆ ತಲುಪಿಸಿದವರಲ್ಲಿ ಬಿ.ವಿ. ಕಾರಂತರ ಹೆಸರು ದೊಡ್ಡದು. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದ್ದವರು ಅವರು. ಮುಂದೆ ಬೆಂಗಳೂರಿನಲ್ಲಿ ಬೆನಕ ತಂಡ ಕಟ್ಟಿದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ಸ್ಪಂದನ ತಂಡ ಕಟ್ಟಿ ಅದೇ ಹಾಡನ್ನು ತಮ್ಮ ಗಟ್ಟಿ ದನಿಯಲ್ಲಿ ಮುಂದಕ್ಕೆ ಒಯ್ದರು. ಇವತ್ತು ಬೆಂಗಳೂರಿನಲ್ಲಿ ಹಾಡಿಕೊಂಡು ನಾಟಕ ಆಡುವ ನಮ್ಮಂಥವರೆಲ್ಲ ಇವರ ಋಣದಲ್ಲಿದ್ದೇವೆ.

ಶೋ ದಿನ ಏನೇನು ನಡೆಯುತ್ತದೆ?

ಬೆಳಿಗ್ಗೆ ಊರು ತಲುಪಿದ ತಕ್ಷಣ ರಂಗಮಂದಿರದ ಬಾಗಿಲು ತೆಗೆಸಬೇಕು. ಇದೇನು ಮಹಾ ಅನ್ನಬೇಡಿ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕುವುದರಲ್ಲೇ ಎಷ್ಟೋ ಸಲ ತಿಂಡಿ ಹೊತ್ತು ಕಳೆದುಹೋಗುತ್ತದೆ. ಆಮೇಲೆ ಕ್ಯಾಂಟರ್‌ನಿಂದ ಸಾಮಾನು ಇಳಿಸುವುದು. ಮೊದಲು ಸ್ಟೇಜ್ ಸಿಗುವುದು ಲೈಟಿನವರಿಗೆ. ಏಣಿ ಓಡಾಡಲು ಜಾಗ ಬೇಕಲ್ಲ, ಅದಕ್ಕೆ ಅವರು ಲೈಟ್ ಕಟ್ಟಿ ಮುಗಿಸುವವರೆಗೆ ಸೆಟ್ ನಿಲ್ಲಿಸುವುದಿಲ್ಲ. ಸೆಟ್ ನಿಂತ ಮೇಲೆ ಫೋಕಸ್, ಆಮೇಲೆ ಸೌಂಡ್. ಈ ಹೊತ್ತಿನಲ್ಲಿ ಉಳಿದವರು ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾರೆ, ಪ್ರಾಪರ್ಟಿಗಳನ್ನು, ಅಂದರೆ ನಾಟಕದಲ್ಲಿ ಕೈಗೆ ಬೇಕಾಗುವ ಸಾಮಾನುಗಳನ್ನು, ಎಡ ಬಲ ನೋಡಿ ಮೇಜಿನ ಮೇಲೆ ಜೋಡಿಸುತ್ತಾರೆ.

ಮಧ್ಯಾಹ್ನ ಊಟ ಆದ ಮೇಲೆ ಹಾಡುಗಳನ್ನು ಮಾತ್ರ ಒಂದು ಸಲ ಹೇಳಿಕೊಳ್ಳುತ್ತೇವೆ. ಪೂರ್ತಿ ದನಿಯಲ್ಲಿ ಅಲ್ಲ, ಅರ್ಧ ದನಿಯಲ್ಲಿ. ನಾಲ್ಕು ಗಂಟೆಯಿಂದ ಮೇಕಪ್. ಕೊನೆಗೆ ರಂಗಪೂಜೆ, ಮಂಗಳಾರತಿ, ಒಂದೊಂದು ಚೂರು ಕೊಬ್ಬರಿ ಸಕ್ಕರೆ. ಮೂರನೇ ಬೆಲ್ಲಿಗೆ ನಾಟಕ ಶುರು, ಎರಡನೇ ಬೆಲ್ ಆದ ಮೇಲೆ ಯಾರೂ ಗ್ರೀನ್ ರೂಮಿನಲ್ಲಿ ಜೋರಾಗಿ ಮಾತಾಡುವುದಿಲ್ಲ.

ಹಾಡುವ ನಟರೂ ಸೆಟ್ ಹೊರಬೇಕಾ?

ಹೊರಬೇಕು. ತಂಡ ಸೇರಲು ಬರುವವರಿಗೆ ನಾನು ಮೊದಲು ಹೇಳುವ ಮಾತೇ ಇದು. ನಾಯಕನ ಪಾತ್ರದವರಿರಲಿ, ಒಂದೇ ಸಾಲು ಹೇಳಿ ಹೋಗುವವರಿರಲಿ, ಪೆಟ್ಟಿಗೆ ಎಲ್ಲರ ಕೈಗೂ ಬರುತ್ತದೆ.

ದುಡ್ಡು ಉಳಿಸುವುದಕ್ಕೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದೂ ನಿಜ, ಆದರೆ ಅಷ್ಟೇ ಅಲ್ಲ. ಬೆಳಿಗ್ಗೆ ಆ ಮೆಟ್ಟಿಲನ್ನು ನೀವೇ ಬೋಲ್ಟ್ ಹಾಕಿ ನಿಲ್ಲಿಸಿದ್ದರೆ ಸಂಜೆ ಅದರ ಮೇಲೆ ಹಾಡುತ್ತಾ ಇಳಿಯುವಾಗ ಕಾಲು ಹೆದರುವುದಿಲ್ಲ. ಯಾವ ಹಲಗೆ ಕಿರ್ ಅನ್ನುತ್ತದೆ, ಯಾವ ಮೂಲೆಯಲ್ಲಿ ಮೊಳೆ ಎದ್ದಿದೆ ಅಂತ ಗೊತ್ತಿರುತ್ತದೆ. ಇನ್ನೊಂದು ವಿಷಯ, ಕೋರಸ್ಸಿನದು. ಒಟ್ಟಿಗೆ ಹಾಡುವುದು ಅಂದರೆ ಪಕ್ಕದವರ ಉಸಿರು ಕೇಳಿಸಿಕೊಂಡು ಹಾಡುವುದು. ಬೆಳಗಿನಿಂದ ಅವರ ಜೊತೆ ಒಂದೇ ತೊಲೆಯ ಎರಡು ತುದಿ ಹಿಡಿದು "ಎತ್ತು, ಇಳಿಸು" ಅಂದವರಿಗೆ ಆ ಉಸಿರು ಬೇಗ ಸಿಗುತ್ತದೆ. ಮಾಲೆ ಹಾಕಿಸಿಕೊಳ್ಳಲು ಮಾತ್ರ ಬರುವವರು ಎಷ್ಟೇ ಚೆನ್ನಾಗಿ ಹಾಡಿದರೂ ಅವರ ದನಿ ಮೇಳದಿಂದ ಹೊರಗೇ ನಿಂತಿರುತ್ತದೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಬೆನ್ನು ನೋವು ಇರುವವರು, ಬಸುರಿಯರು, ವಯಸ್ಸಾದವರು ಹೊರಬೇಕಿಲ್ಲ. ಅವರಿಗೆ ಸೂಜಿ ದಾರದ ಕೆಲಸ ಬೇಕಾದಷ್ಟಿರುತ್ತದೆ.

ಹೆಂಗಸರು ಗಂಡಸರು ಒಂದೇ ಶ್ರುತಿಯಲ್ಲಿ ಹೇಗೆ ಹಾಡುತ್ತೀರಿ?

ಕಷ್ಟಪಟ್ಟು ಹಾಡುತ್ತೇವೆ. ಶ್ರುತಿಯನ್ನು ನಾವು ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ನಮ್ಮ ಗಂಡು ದನಿಗಳಿಗೆ ಹಿತವಾಗಿರುವುದು ಕಪ್ಪು ಒಂದು, ಬಿಳಿ ಎರಡರ ಸುತ್ತ. ಹೆಣ್ಣು ದನಿಗಳಿಗೆ ಬಿಳಿ ಐದು, ಕಪ್ಪು ನಾಲ್ಕು. ಎರಡರ ನಡುವೆ ಎಲ್ಲಿ ನಿಂತರೂ ಒಬ್ಬರಿಗೆ ಮೇಲಾಗುತ್ತದೆ, ಇನ್ನೊಬ್ಬರಿಗೆ ಕೆಳಗಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ಪ್ರತಿ ಹಾಡಿಗೂ ಕೂತು ಯೋಚಿಸುತ್ತಾರೆ. ಪಲ್ಲವಿ ಯಾರು ಎತ್ತಬೇಕು, ಚರಣದಲ್ಲಿ ಯಾರು ಸುಮ್ಮನಿರಬೇಕು, ಎಲ್ಲಿ ಕೆಳ ಸ್ಥಾಯಿಗೆ ಇಳಿಯಬೇಕು ಅಂತ. ರಿಹರ್ಸಲ್ಲಿನ ಮೊದಲ ದಿನಗಳು ಹೋಗುವುದು ಇದರಲ್ಲೇ.

ಊರು ಬದಲಾದರೆ ವಾದ್ಯವೂ ಬದಲಾಗುತ್ತದೆ. ಹಾರ್ಮೋನಿಯಂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆದರೆ ತಬಲಾದ ಚರ್ಮ ಗಾಳಿಯ ತೇವ ಹೀರುತ್ತದೆ. ಘಟ್ಟ ಇಳಿದು ಮಂಗಳೂರು, ಉಡುಪಿ ಕಡೆ ಹೋದರೆ ಶ್ರುತಿ ಜಗ್ಗುತ್ತದೆ. ಮೂರನೇ ಬೆಲ್ ಹತ್ತಿರ ಬಂದರೂ ತಬಲಾದವರು ಸುತ್ತಿಗೆ ಹಿಡಿದು ಕೂತಿದ್ದರೆ ಅವರಿಗೆ ತೊಂದರೆ ಕೊಡಬೇಡಿ.

ಸಾಲಾಗಿ ಶೋ ಇದ್ದರೆ ಗಂಟಲು ಹೇಗೆ ಉಳಿಸಿಕೊಳ್ಳುತ್ತೀರಿ?

ನಿದ್ದೆ, ನೀರು, ಮೌನ. ಇವು ಮೂರರ ಮುಂದೆ ಉಳಿದದ್ದೆಲ್ಲ ಸಣ್ಣದು.

ಕಲ್ಲುಸಕ್ಕರೆ, ಕಾಳುಮೆಣಸು, ಜೇಷ್ಠಮಧು ಎಲ್ಲರ ಚೀಲದಲ್ಲೂ ಇರುತ್ತವೆ. ಬಾಯಿಗೆ, ಗಂಟಲಿಗೆ ಹಿತ, ನಿಜ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ. ದನಿ ಹುಟ್ಟುವ ತಂತುಗಳು ಇರುವುದು ಉಸಿರಿನ ದಾರಿಯಲ್ಲಿ. ಅದಕ್ಕೇ ಶೋಗೆ ಐದು ನಿಮಿಷ ಮೊದಲು ಗಟಗಟ ಕುಡಿದ ಬಿಸಿನೀರು ಆ ತಂತುಗಳನ್ನು ಮುಟ್ಟುವುದೇ ಇಲ್ಲ. ಬೆಳಗಿನಿಂದ ಸ್ವಲ್ಪ ಸ್ವಲ್ಪ ಕುಡಿದ ನೀರು ಮೈಯೆಲ್ಲ ಸೇರಿ ಆಮೇಲೆ ಕೆಲಸಕ್ಕೆ ಬರುತ್ತದೆ. ನೇರವಾಗಿ ತಲುಪುವುದು ಹಬೆ. ಲಾಡ್ಜಿನಲ್ಲಿ ಒಂದು ಬಕೆಟ್ ಬಿಸಿನೀರು, ತಲೆ ಮೇಲೆ ಟವೆಲ್, ಸಾಕು.

ಬಸ್ಸಿನಲ್ಲಿ ಅಂತ್ಯಾಕ್ಷರಿ ಬೇಡ. ಹೇಳುವುದಕ್ಕೆ ನನಗೂ ಬೇಜಾರು, ಆದರೆ ಇಂಜಿನ್ ಸದ್ದಿನ ಮೇಲೆ ಕೂಗಿ ಹಾಡಿದರೆ ಮರುದಿನದ ಶೋ ಹೋಯಿತು ಅಂತಲೇ ಲೆಕ್ಕ. ಗಂಟಲು ಕಟ್ಟಿದಾಗ ಪಿಸುಗುಟ್ಟುವುದೂ ಬೇಡ, ಅದರಿಂದಲೂ ತ್ರಾಸವಾಗುತ್ತದೆ. ಮೆಲ್ಲಗೆ ಸಹಜ ದನಿಯಲ್ಲಿ ಮಾತಾಡಿ, ಇಲ್ಲದಿದ್ದರೆ ಸುಮ್ನೆ ಇರಿ. ದನಿ ಒಡೆದದ್ದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ಬಿಟ್ಟು ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಒಂದು ಹಾಡು ಮುಗಿಯುವುದರೊಳಗೆ ಸೀರೆ ಬದಲಾಗಿರುತ್ತದೆ. ಹೇಗೆ?

ಎಲ್ಲರಿಗೂ ಇಷ್ಟವಾದ ಪ್ರಶ್ನೆ ಇದು, ನನಗೂ.

ನಾನು ಹಸಿರು ಸೀರೆಯಲ್ಲಿ ಬಲಗಡೆ ವಿಂಗಿಗೆ, ಅಂದರೆ ಸ್ಟೇಜಿನ ಪಕ್ಕದ ಮರೆಗೆ, ಬರುತ್ತೇನೆ. ಸ್ಟೇಜಿನಲ್ಲಿ ಕೋರಸ್ಸಿನ ಹಾಡು ಶುರುವಾಗಿದೆ. ಎರಡು ಚರಣ ಇದೆ, ಅಷ್ಟೇ ಸಮಯ. ಅಲ್ಲಿ ನೆಲದ ಮೇಲೆ ಬಿಳಿ ಸೀರೆ ಬಳೆಯ ಆಕಾರದಲ್ಲಿ ಬಿದ್ದಿರುತ್ತದೆ. ನೆರಿಗೆ ಹಿಡಿದು ಮೊದಲೇ ಹೊಲಿದಿಟ್ಟ ಸೀರೆ, ಸೊಂಟಕ್ಕೆ ಹುಕ್ಕು. ಅಕ್ಕ ಒಬ್ಬರು ಪೆನ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮಂಡಿಯೂರಿ ಕೂತಿರುತ್ತಾರೆ. ನಾನು ನಿಂತ ತಕ್ಷಣ ಹಸಿರು ಸೀರೆಯ ಹುಕ್ಕು ಬಿಡುತ್ತಾರೆ, ಅದು ಜಾರಿ ಕೆಳಗೆ ಬೀಳುತ್ತದೆ. ಅದರಿಂದ ಕಾಲು ತೆಗೆದು ಬಿಳಿ ಬಳೆಯೊಳಗೆ ಇಡುತ್ತೇನೆ. ಅವರು ಸೀರೆ ಮೇಲೆತ್ತಿ ಹುಕ್ಕು ಹಾಕುವಾಗ ನಾನು ಕಿವಿಯ ಜುಮುಕಿ ಬಿಚ್ಚುತ್ತೇನೆ. ಸೆರಗು ಭುಜಕ್ಕೆ, ಒಂದು ಪಿನ್ನು. ಕುಂಕುಮ ಒರೆಸಲು ಒದ್ದೆ ಬಟ್ಟೆ ಅವರ ಎಡ ಭುಜದ ಮೇಲೆ ಇರುತ್ತದೆ, ನಾನು ನೋಡದೇ ಕೈ ಚಾಚುತ್ತೇನೆ. ಆ ದೃಶ್ಯದಲ್ಲಿ ನಾನು ಗಂಡನನ್ನು ಕಳೆದುಕೊಂಡವಳು. ಕೊನೆಯ ಸಾಲಿಗೆ ಅವರು ಬೆನ್ನು ತಟ್ಟುತ್ತಾರೆ. ಮಾತಿಲ್ಲ. ಬೆನ್ನು ತಟ್ಟಿದರೆ ಎಲ್ಲ ಸರಿ ಇದೆ, ಹೋಗು ಅಂತ.

ಪ್ರೇಕ್ಷಕರು ಚಪ್ಪಾಳೆ ಹೊಡೆಯುವುದು ನನಗೆ. ಆ ಅಕ್ಕನಿಗೆ ಒಂದೇ ಒಂದು ಪಿನ್ನು ತಪ್ಪಿದ್ದರೂ ಆ ದೃಶ್ಯ ಇಲ್ಲ. ಕೊನೆಯಲ್ಲಿ ಎಲ್ಲರೂ ಸ್ಟೇಜಿಗೆ ಬಂದು ಕೈಮುಗಿಯುವಾಗ ಅವರ ಹೆಸರನ್ನೂ ಮೈಕಿನಲ್ಲಿ ಹೇಳಲೇಬೇಕು ಅನ್ನುವುದು ನನ್ನ ಹಟ. ಈಗ ನಮ್ಮ ತಂಡದಲ್ಲಿ ಅದೇ ಪದ್ಧತಿ.

ಕತ್ತಲಲ್ಲಿ ಓಡಾಡುವಾಗ ಬೀಳುವುದಿಲ್ಲವಾ?

ಬ್ಲ್ಯಾಕ್ ಔಟ್ ಆಗುವುದಕ್ಕೆ ಸ್ವಲ್ಪ ಮೊದಲೇ ವಿಂಗಿನಲ್ಲಿರುವವರು ಕಣ್ಣು ಮುಚ್ಚಿಕೊಳ್ಳುತ್ತೇವೆ. ಕಣ್ಣು ಕತ್ತಲಿಗೆ ಒಗ್ಗಲು ಸಮಯ ಬೇಕು. ಮೊದಲೇ ಮುಚ್ಚಿದ್ದರೆ ಲೈಟ್ ಹೋದಾಗ ನೆಲದ ಗುರುತು ಕಾಣುತ್ತದೆ. ಸೆಟ್ಟಿನ ಅಂಚುಗಳಿಗೆ ಕತ್ತಲಲ್ಲಿ ಹೊಳೆಯುವ ಟೇಪ್ ಅಂಟಿಸಿರುತ್ತೇವೆ. ಮತ್ತೆ, ಹೋಗುವವರು ಗೋಡೆ ಕಡೆ, ಬರುವವರು ಪರದೆ ಕಡೆ. ಈ ನಿಯಮ ಮುರಿದರೆ ಹಣೆಗೆ ಹಣೆ.

ವಿಂಗಿನಲ್ಲಿ ಬೇರೆ ಏನು ನಿಯಮ?

ಫೋನ್ ಬೇಡ, ಸೈಲೆಂಟ್ ಕೂಡ ಬೇಡ, ಅದರ ಬೆಳಕು ಹೊರಗೆ ಕಾಣುತ್ತದೆ. ನಿಮಗೆ ಪ್ರೇಕ್ಷಕರು ಕಂಡರೆ ಅವರಿಗೂ ನೀವು ಕಾಣುತ್ತೀರಿ. ಬೇರೆಯವರ ಪ್ರಾಪರ್ಟಿ ಮುಟ್ಟಬಾರದು, ತಮಾಷೆಗೂ. ಗೆಜ್ಜೆ ಕಟ್ಟಿದವರು ಎಂಟ್ರಿಯವರೆಗೆ ಕೂತೇ ಇರಬೇಕು. ವಾದ್ಯ ದಾಟಬಾರದು, ಕಾಲು ತಗುಲಿದರೆ ಮುಟ್ಟಿ ನಮಸ್ಕಾರ ಮಾಡಬೇಕು. ನಂಬಿಕೆ ಅನ್ನಿ, ಶಿಸ್ತು ಅನ್ನಿ, ಅದರಿಂದ ವಾದ್ಯ ಉಳಿದಿದೆ.

ಮೇಕಪ್ ಯಾರು ಮಾಡುತ್ತಾರೆ? ಮುಖಕ್ಕೆ ತೊಂದರೆ ಇಲ್ಲವಾ?

ಬೇಸ್ ನಾವೇ ಹಚ್ಚಿಕೊಳ್ಳುತ್ತೇವೆ. ಗಡ್ಡ ಮೀಸೆ, ಮುದುಕರ ಗೆರೆ, ರಾಕ್ಷಸನ ಮುಖ ಇವೆಲ್ಲ ಮೇಕಪ್ಪಿನವರ ಕೈಗೆ. ಹಿಂದೆ ಬಣ್ಣಕ್ಕೆ ಅರದಾಳ, ಇಂಗಳೀಕ ಬಳಸುತ್ತಿದ್ದರು. ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ. ಅದನ್ನು ರಾತ್ರಿಗಟ್ಟಲೆ ಮುಖಕ್ಕೆ ಹಚ್ಚಿಕೊಂಡು ಹಾಡಿದ ಹಿರಿಯರನ್ನು ನೆನೆದರೆ ಸಂಕಟವಾಗುತ್ತದೆ. ಈಗಿನದು ಅಷ್ಟು ಅಪಾಯವಲ್ಲ. ಆದರೂ ಪಫ್, ಕಾಡಿಗೆ ನಿಮ್ಮದೇ ಇರಲಿ, ಹಂಚಿಕೊಂಡರೆ ಕಣ್ಣು ಕೆಂಪಾಗುತ್ತದೆ. ತೆಗೆಯಲು ಕೊಬ್ಬರಿ ಎಣ್ಣೆ, ಹಳೇ ಪಂಚೆಯ ತುಂಡು, ಆಮೇಲೆ ಸೋಪು. ಎಷ್ಟೇ ಸುಸ್ತಾದರೂ ಬಣ್ಣದಲ್ಲೇ ಮಲಗಬೇಡಿ.

ಕಾಲರ್ ಮೈಕ್ ಇದ್ದರೆ ಹಾಡುವುದು ಸುಲಭ ಅಲ್ವಾ?

ಬೆವರು ಇಳಿದರೆ ಮೈಕ್ ಸಾಯುತ್ತದೆ. ತಬ್ಬಿಕೊಂಡರೆ ಗರಗರ ಅನ್ನುತ್ತದೆ. ಒಳಗೆ ಬಂದ ಮೇಲೂ ಆನ್ ಇದ್ದರೆ ಗ್ರೀನ್ ರೂಮಿನ ಮಾತು ಸಭೆಗೆಲ್ಲ ಕೇಳುತ್ತದೆ. ಆಫ್ ಮಾಡುವುದು ಸೌಂಡಿನವರ ಕೆಲಸ ಅಂತ ನೆಚ್ಚಿಕೊಳ್ಳಬೇಡಿ, ಮೈಕ್ ಮೈಮೇಲಿರುವವರೆಗೆ ಬಾಯಿ ಬಿಗಿ ಇರಲಿ. ಸಣ್ಣ ರಂಗಮಂದಿರದಲ್ಲಿ ಮೈಕ್ ಇಲ್ಲದೇ ಹಾಡುವುದೇ ನನಗಿಷ್ಟ.

ಎಲ್ಲ ಊರಿನ ಸ್ಟೇಜೂ ಒಂದೇ ಥರ ಇರುತ್ತದಾ?

ಎಲ್ಲಿ ಬಂತು! ಬೆಂಗಳೂರಿನಲ್ಲೇ ನೋಡಿ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ 1963ರದ್ದು. ಅಗಲವಾದ ಸ್ಟೇಜು, ಎಡದಿಂದ ಬಲಕ್ಕೆ ಹೋಗುವುದರಲ್ಲಿ ಒಂದು ಸಾಲು ಹಾಡು ಮುಗಿಯುತ್ತದೆ. ಅದರ ಹಿಂದಿನ ಸಂಸ ಬಯಲು ರಂಗಮಂದಿರದಲ್ಲಿ ಆಕಾಶವೇ ಸೂರು. ಜೆ.ಪಿ. ನಗರದ ರಂಗಶಂಕರ ಶುರುವಾಗಿದ್ದು 2004ರಲ್ಲಿ. ಮುನ್ನೂರು ಚಿಲ್ಲರೆ ಸೀಟು, ಪ್ರೇಕ್ಷಕರು ಅಷ್ಟು ಹತ್ತಿರ. ಅಲ್ಲಿ ಕಣ್ಣು ಸುಳ್ಳು ಹೇಳಿದರೆ ಗೊತ್ತಾಗುತ್ತದೆ. ಹೊತ್ತಿಗೆ ಸರಿಯಾಗಿ ಶುರು, ತಡವಾಗಿ ಬಂದವರಿಗೆ ಪ್ರವೇಶ ಇಲ್ಲ. ಆ ಶಿಸ್ತು ಎಲ್ಲ ಕಡೆ ಬರಬೇಕು ಅಂತ ನನ್ನ ಆಸೆ.

ಅದೇ ನಾಟಕ ಮುಂದಿನ ವಾರ ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ, ಅದರ ಮುಂದಿನ ವಾರ ಯಾವುದೋ ಹಳ್ಳಿಯ ಶಾಲೆ ಮೈದಾನದಲ್ಲಿ. ಹೆಜ್ಜೆ ಲೆಕ್ಕ ಎಲ್ಲ ಬದಲು. ಅದಕ್ಕೆ ಪ್ರತಿ ಊರಿನಲ್ಲೂ ಕುಣಿತದ ಹಾಡುಗಳನ್ನು ಜಾಗದ ಮೇಲೆ ನಡೆದು ನೋಡಲೇಬೇಕು. ಬಯಲಿನಲ್ಲಿ ಗಾಳಿ ದನಿಯನ್ನು ಎತ್ತಿಕೊಂಡು ಹೋಗುತ್ತದೆ. ಮಳೆ ಬಿದ್ದ ಮೇಲಂತೂ ಲೈಟಿಗೆ ಹುಳ ಮುತ್ತುತ್ತವೆ. ಉದ್ದನೆಯ ಆಲಾಪಕ್ಕೆ ಬಾಯಿ ತೆಗೆದರೆ ಒಂದು ಒಳಗೇ ಹೋಗುತ್ತದೆ. ನುಂಗಿ ಮುಂದುವರಿಯಬೇಕು, ಬೇರೆ ದಾರಿ ಇಲ್ಲ.

ಹೆಣ್ಣುಮಕ್ಕಳನ್ನು ಕಳಿಸಬಹುದಾ?

ಅಪ್ಪ ಅಮ್ಮಂದಿರು ಕೇಳಲೇಬೇಕಾದ ಪ್ರಶ್ನೆ. ತಂಡ ಯಾವುದು ಅನ್ನುವುದರ ಮೇಲೆ ಇದೆ. ಸೇರುವ ಮೊದಲು ಕೇಳಿ: ಹೆಂಗಸರಿಗೆ ಬೇರೆ ಗ್ರೀನ್ ರೂಮ್ ಇದೆಯಾ? ಉಳಿಯುವುದು ಎಲ್ಲಿ, ಕೋಣೆಗೆ ಎಷ್ಟು ಜನ? ರಾತ್ರಿ ಬೆಂಗಳೂರಿಗೆ ಬಂದ ಮೇಲೆ ಮನೆವರೆಗೆ ಬಿಡುತ್ತಾರಾ? ತೊಂದರೆ ಆದರೆ ಯಾರಿಗೆ ಹೇಳಬೇಕು? ಸರಿಯಾದ ತಂಡದವರು ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವುದಿಲ್ಲ.

ನನಗೆ ಇವತ್ತಿಗೂ ಸಿಟ್ಟು ಬರುವುದು ಶೌಚಾಲಯದ ವಿಷಯಕ್ಕೆ. ಒಂದು ತಾಲ್ಲೂಕು ಕೇಂದ್ರದಲ್ಲಿ ಹೊಸ ರಂಗಮಂದಿರ, ಬಾಗಿಲಿಗೆ ಗ್ರಾನೈಟ್, ಒಳಗೆ ಝಗಮಗ ದೀಪ. ಗ್ರೀನ್ ರೂಮಿನ ನಲ್ಲಿಯಲ್ಲಿ ಹನಿ ನೀರಿಲ್ಲ, ಹೆಂಗಸರ ಶೌಚಾಲಯಕ್ಕೆ ಬೀಗ. ಪಕ್ಕದ ಮನೆಯ ಅಜ್ಜಿಯೊಬ್ಬರು ನಮ್ಮನ್ನೆಲ್ಲ ಒಳಗೆ ಕರೆದು, ಟೀ ಕೂಡ ಕೊಟ್ಟರು. ನೀರು ಕುಡಿದರೆ ಹೋಗಬೇಕಾಗುತ್ತದೆ ಅಂತ ನೀರೇ ಕುಡಿಯದೆ ಹಾಡುವ ಹುಡುಗಿಯರಿದ್ದಾರೆ. ರಂಗಮಂದಿರ ಕಟ್ಟುವವರು ಪ್ಲಾನ್ ಮಾಡುವಾಗ ಒಬ್ಬ ನಟಿಯನ್ನಾದರೂ ಕೇಳಬೇಕು.

ಸಂಬಳ ಎಷ್ಟು?

ಹವ್ಯಾಸಿ ತಂಡದಲ್ಲಿ ಸಂಬಳ ಇಲ್ಲ. ಪ್ರಯಾಣ, ಊಟ, ವಸತಿ ತಂಡದ್ದು. ಸಂಘಟಕರು ಕೊಟ್ಟದ್ದರಲ್ಲಿ ಗಾಡಿ, ಲೈಟು, ಸೌಂಡು, ಮೇಳದವರ ಸಂಭಾವನೆ ಕಳೆದು ಉಳಿದರೆ ನಟರಿಗೆ ಒಂದಿಷ್ಟು. ಮೇಳದವರಿಗೆ ಮೊದಲು ಕೊಡುವುದು ನ್ಯಾಯ, ಅವರ ಹೊಟ್ಟೆಪಾಡು ಅದೇ. ಇದರಿಂದಲೇ ಬದುಕಬೇಕು ಅನ್ನುವವರು ರೆಪರ್ಟರಿ ಕಡೆ ನೋಡಿ.

ಆಫೀಸು, ಮನೆ, ನಾಟಕ ಎಲ್ಲ ಹೇಗೆ?

ಸಂಜೆಯ ಟ್ರಾಫಿಕ್ಕಿನಲ್ಲಿ ವೈಟ್‌ಫೀಲ್ಡಿನಿಂದ ಹನುಮಂತನಗರಕ್ಕೆ ರಿಹರ್ಸಲ್ಲಿಗೆ ಬರುವವರು ನಮ್ಮಲ್ಲಿದ್ದಾರೆ. ಬೈಕಿನ ಮೇಲೆ ಹೆಲ್ಮೆಟ್ಟಿನೊಳಗೆ ಹಾಡು ಬಾಯಿಪಾಠ ಮಾಡುತ್ತಾರೆ. ಮನೆಯವರ ಒಪ್ಪಿಗೆ ಬೇಕೇ ಬೇಕು. ಹಬ್ಬ, ಮದುವೆ, ನಾಮಕರಣ ಎಷ್ಟೋ ತಪ್ಪಿಹೋಗುತ್ತವೆ. ಮೊದಲೇ ಕೂತು ಮಾತಾಡಿಕೊಳ್ಳಿ.

ತಿರುಗಾಟದಲ್ಲಿ ಊಟ?

ಶೋ ಮೊದಲು ಹಗುರ: ಇಡ್ಲಿ, ಅನ್ನ ತಿಳಿಸಾರು, ಬಾಳೆಹಣ್ಣು. ಬಜ್ಜಿ ಬೋಂಡ ಶೋ ಆದ ಮೇಲೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಬಿಟ್ಟು ಗಾಡಿ ಮುಂದೆ ಹೋಗುವುದಿಲ್ಲ, ಅದು ಮರಳಿ ಬರುವಾಗ. ರಾತ್ರಿ ಸೆಟ್ ಕಳಚಿ ಲೋಡ್ ಮಾಡಿದ ಮೇಲೆ ಸಂಘಟಕರ ಮನೆಯಲ್ಲಿ ಬಿಸಿ ಅನ್ನ ಸಿಕ್ಕಿದರೆ ಆ ಊರನ್ನು ಮರೆಯುವುದಿಲ್ಲ.

ನಡುವೆ ಕರೆಂಟ್ ಹೋದರೆ? ಯಾರಾದರೂ ಸಾಲು ಮರೆತರೆ?

ಮೇಳ ನಿಲ್ಲಿಸಬಾರದು, ಅಷ್ಟೇ. ಕರೆಂಟ್ ಹೋದರೂ ಹಾರ್ಮೋನಿಯಂಗೆ ಗಾಳಿ ಇದ್ದೇ ಇರುತ್ತದೆ. ಕತ್ತಲಲ್ಲೇ ಪಲ್ಲವಿ ಸುತ್ತುತ್ತಾ ಇರುತ್ತೇವೆ, ಜನರೇಟರ್ ಬರುವವರೆಗೆ. ಸಾಲು ಮರೆತವರಿಗೂ ಮೇಷ್ಟ್ರೇ ಆಸರೆ. ಮುಂದಿನ ಸಾಲಿನ ಮೊದಲ ಸ್ವರವನ್ನು ಮತ್ತೆ ಮತ್ತೆ ಒತ್ತುತ್ತಾರೆ, ಮಾತು ತಾನಾಗಿ ಬಾಯಿಗೆ ಬರುತ್ತದೆ.

ಹುಷಾರು ತಪ್ಪಿದವರ ಪಾತ್ರಕ್ಕೆ ಇನ್ನೊಬ್ಬರು ತಯಾರಿರಬೇಕು. ಕೋರಸ್ಸಿನಲ್ಲಿರುವ ಪ್ರತಿಯೊಬ್ಬರೂ ಇನ್ನೊಂದು ಪಾತ್ರದ ಹಾಡು ಕಲಿತಿರುತ್ತಾರೆ. ಜ್ವರದಲ್ಲಿ ಹಾಡಿದವರನ್ನು ನಾವು ಹೊಗಳುವುದಿಲ್ಲ. ಮನೆಗೆ ಕಳಿಸುತ್ತೇವೆ.

ಸೇರಬೇಕಾದರೆ ಸಂಗೀತ ಕಲಿತಿರಬೇಕಾ?

ಶ್ರುತಿ, ತಾಳ ಹಿಡಿಯಲು ಬಂದರೆ ಸಾಕು, ಉಳಿದದ್ದು ಇಲ್ಲಿ ಕಲಿಯಬಹುದು. ಗಂಭೀರವಾಗಿ ಕಲಿಯಬೇಕೆಂದರೆ ನೀನಾಸಂ ರಂಗಶಿಕ್ಷಣ ಕೇಂದ್ರ ಇದೆ, 1980ರಿಂದ ನಡೆಯುತ್ತಿದೆ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರದಲ್ಲೂ ಒಂದು ವರ್ಷದ ಕೋರ್ಸ್ ಇದೆ. ಅದಕ್ಕೂ ಮೊದಲು ನಾಟಕಗಳನ್ನು ನೋಡಿ, ಜಾಸ್ತಿ ನೋಡಿ.

ಶೋ ಆದ ಮೇಲೆ ಗ್ರೀನ್ ರೂಮಿಗೆ ಬರಬಹುದಾ?

ಬನ್ನಿ, ಖುಷಿಯಾಗುತ್ತದೆ. ಹದಿನೈದು ನಿಮಿಷ ಬಿಟ್ಟು ಬನ್ನಿ, ನಾವು ಬಟ್ಟೆ ಬದಲಿಸಿರುತ್ತೇವೆ. ಬಾಗಿಲು ತಟ್ಟಿ ಬನ್ನಿ. ಫೋಟೋ ಕೇಳಿ ತೆಗೆಯಿರಿ. ಹಾಡು ಹಿಡಿಸಿದ್ದರೆ ನಮಗೆ ಹೇಳಿದ ಹಾಗೇ ಮೇಳದವರ ಹತ್ತಿರವೂ ಹೋಗಿ ಹೇಳಿ, ಅವರ ಕಡೆ ಹೋಗುವವರು ಕಡಿಮೆ. ಮಕ್ಕಳಿಗೆ ಹಾರ್ಮೋನಿಯಂ ಮುಟ್ಟುವ ಆಸೆ ಇದ್ದರೆ ಮೇಷ್ಟ್ರನ್ನು ಕೇಳಿ. ಅವರೇ ಪಕ್ಕ ಕೂರಿಸಿಕೊಂಡು ಸ ಪ ಸ ಹೇಳಿಕೊಡುತ್ತಾರೆ.